ಮತ್ತೋತ್–ಮಸೇ: ಒಂದೇ ಶನಿವಾರ ಓದುವ ಎರಡು ಪಾಠಗಳು

ಹೊರದೇಶಗಳಲ್ಲಿ ನೆಲೆಸಿದ ಕನ್ನಡಿಗರ ಮನೆಗೆ ಮಗನ ಯೆಹೂದಿ ಸಹಪಾಠಿಯ ‘ಬಾರ್ ಮಿಟ್ಸ್ವಾ’ ಕರೆಯೋಲೆ ಬರುವುದುಂಟು. ಹದಿಮೂರು ತುಂಬಿದ ಹುಡುಗ ಧರ್ಮದ ಹೊಣೆ ಹೊರುವ ದಿನ ಅದು. ಓಲೆಯಲ್ಲಿ ದಿನಾಂಕದ ಜೊತೆಗೆ ‘ಪರಾಶತ್ ಮತ್ತೋತ್–ಮಸೇ’ ಎಂಬಂತಹ ಸಾಲು ಇರುತ್ತದೆ. ಅದು ಊರಿನ ಹೆಸರೂ ಅಲ್ಲ, ಸಭಾಂಗಣದ ಹೆಸರೂ ಅಲ್ಲ. ಆ ವಾರ ಯೆಹೂದ್ಯರ ಪವಿತ್ರ ಗ್ರಂಥವಾದ ತೋರಾದ ಯಾವ ಭಾಗವನ್ನು ಓದುತ್ತಾರೆ ಎಂಬ ಸೂಚನೆ. ಧರ್ಮಪಂಡಿತರು ಪತ್ರ ಬರೆದರೆ ಇಂದಿಗೂ ಎಷ್ಟೋ ಸಲ ತಾರೀಖಿನ ಬದಲು ಈ ವಾರದ ಪಾಠದ ಹೆಸರನ್ನೇ ಹಾಕುತ್ತಾರೆ. ಓದುವವರಿಗೆ ದಿನ ತಿಳಿಯುತ್ತದೆ.

ಈ ವಾರದ ಪಾಠ ಎಂದರೇನು, ಅದನ್ನು ಹೇಗೆ ಓದುತ್ತಾರೆ, ಕೆಲವೊಮ್ಮೆ ಎರಡನ್ನು ಯಾಕೆ ಜೋಡಿಸುತ್ತಾರೆ ಎನ್ನುವುದಕ್ಕೆ ಮತ್ತೋತ್–ಮಸೇ ಒಳ್ಳೆಯ ಉದಾಹರಣೆ. ಮೇಲುನೋಟಕ್ಕೆ ಊರಿನ ಹೆಸರು, ಲೆಕ್ಕ, ಗಡಿಗಳ ಪಟ್ಟಿಯಂತೆ ಕಾಣುವ ಭಾಗ. ಆದರೆ ಮೋಶೆಯ ಹಿಂದೆ ಐಗುಪ್ತದಿಂದ ಹೊರಟು ನಲವತ್ತು ವರ್ಷ ಗುಡಾರದಲ್ಲಿ ಬದುಕಿದ ಇಸ್ರಾಯೇಲ್ ಜನ ನೆಲದ ಮೇಲೆ ನೆಲೆಯೂರುವ ಮುನ್ನ ಏನೇನು ಗೊತ್ತುಮಾಡಿಕೊಳ್ಳಬೇಕಿತ್ತು ಎಂಬುದು ಇಲ್ಲಿ ಒಂದೊಂದಾಗಿ ಬರುತ್ತದೆ: ಕೊಟ್ಟ ಮಾತು, ಹಂಚಿಕೆ, ಗಡಿ, ಕೈತಪ್ಪಿ ಕೊಂದವನ ಗತಿ, ಹೆಣ್ಣುಮಕ್ಕಳ ಆಸ್ತಿ.

## ತೋರಾ ಮತ್ತು ಅದರ 54 ಭಾಗಗಳು

ತೋರಾ ಎಂದರೆ ಮೋಶೆಯ ಐದು ಗ್ರಂಥಗಳು. ಕನ್ನಡ ಬೈಬಲ್ ಓದಿದವರಿಗೆ ಇವು ಗೊತ್ತು: ಆದಿಕಾಂಡ, ವಿಮೋಚನಕಾಂಡ, ಯಾಜಕಕಾಂಡ, ಅರಣ್ಯಕಾಂಡ, ಧರ್ಮೋಪದೇಶಕಾಂಡ. ಇವನ್ನು 54 ಭಾಗ ಮಾಡಲಾಗಿದೆ. ಒಂದೊಂದಕ್ಕೂ ‘ಪರಾಶಾ’ ಎಂದು ಹೆಸರು. ಐದು ಗ್ರಂಥಗಳಲ್ಲಿ ಕ್ರಮವಾಗಿ 12, 11, 10, 10, 11 ಪರಾಶಾಗಳಿವೆ.

ಶರತ್ಕಾಲದಲ್ಲಿ ಬರುವ ‘ಸಿಮ್ಹತ್ ತೋರಾ’ ಹಬ್ಬದಂದು ಕೊನೆಯ ಪರಾಶಾ ಓದಿ ಮುಗಿಸಿ, ಅದೇ ದಿನ ಮೊದಲ ಸಾಲುಗಳನ್ನು ಓದಿ ಮತ್ತೆ ಶುರುಮಾಡುತ್ತಾರೆ. ವರ್ಷಕ್ಕೊಂದು ಸುತ್ತು. ಇದು ಬಾಬಿಲೋನಿನ ಯೆಹೂದ್ಯರ ಪದ್ಧತಿ. ಇಸ್ರಾಯೇಲ್ ನಾಡಿನಲ್ಲಿ ಹಿಂದೆ ಸುಮಾರು ಮೂರು ವರ್ಷಕ್ಕೊಂದು ಸುತ್ತು ಮುಗಿಸುವ ರೂಢಿ ಇತ್ತು. ಮಧ್ಯಯುಗದ ಹೊತ್ತಿಗೆ ವಾರ್ಷಿಕ ಪದ್ಧತಿಯೇ ಎಲ್ಲೆಡೆ ಗೆದ್ದಿತು. ಈಗ ಕೆಲವು ಸಭೆಗಳು ಪ್ರತಿ ವಾರದ ಪಾಠದ ಮೂರನೇ ಒಂದು ಪಾಲು ಮಾತ್ರ ಓದಿ, ಮೂರು ವರ್ಷದಲ್ಲಿ ಪೂರ್ತಿ ಮಾಡುತ್ತವೆ.

ಪರಾಶಾಗಳ ಹೆಸರು ವಿಷಯದಿಂದ ಬಂದದ್ದಲ್ಲ. ದಾಸರ ಪದಗಳನ್ನು ನಾವು ಮೊದಲ ಸಾಲಿನಿಂದ ಗುರುತಿಸುವಂತೆ, ಆರಂಭದಲ್ಲಿ ಬರುವ ಗಮನಾರ್ಹ ಪದವೇ ಹೆಸರು. ‘ಮತ್ತೋತ್’ ಎಂದರೆ ಕುಲಗಳು. ಅದೇ ಹೀಬ್ರೂ ಪದಕ್ಕೆ ಕೋಲು ಎಂಬ ಅರ್ಥವೂ ಇದೆ. ‘ಮಸೇ’ ಎಂದರೆ ಪ್ರಯಾಣಗಳು. ಇವೆರಡೂ ಅರಣ್ಯಕಾಂಡದ ಕೊನೆಯ ಎರಡು ಪರಾಶಾಗಳು, 30ನೇ ಅಧ್ಯಾಯದ 2ನೇ ವಚನದಿಂದ 36ನೇ ಅಧ್ಯಾಯದ ಕೊನೆಯವರೆಗೆ. ಈ ಗ್ರಂಥದ ಹೀಬ್ರೂ ಹೆಸರು ‘ಬೆಮಿದ್ಬಾರ್’, ಅಂದರೆ ‘ಅರಣ್ಯದಲ್ಲಿ’. ಇಂಗ್ಲಿಷಿನಲ್ಲಿ ಇದಕ್ಕೆ ‘ಸಂಖ್ಯೆಗಳು’ ಎಂಬ ಹೆಸರಿದೆ. ಕನ್ನಡದ ‘ಅರಣ್ಯಕಾಂಡ’ವೇ ಮೂಲಕ್ಕೆ ಹತ್ತಿರ.

## ಎರಡನ್ನು ಜೋಡಿಸುವುದು ಯಾಕೆ

ಇದಕ್ಕೆ ಕಾರಣ ಪಂಚಾಂಗ. ಯೆಹೂದಿ ಪಂಚಾಂಗವೂ ನಮ್ಮ ಚಾಂದ್ರಮಾನದಂತೆ ಚಂದ್ರನ ತಿಂಗಳುಗಳನ್ನು ಸೂರ್ಯನ ವರ್ಷಕ್ಕೆ ಹೊಂದಿಸುತ್ತದೆ. ಹನ್ನೆರಡು ಚಾಂದ್ರಮಾಸ ಸೇರಿದರೆ ಸುಮಾರು 354 ದಿನ. ಋತುಗಳಿಗಿಂತ ವರ್ಷಕ್ಕೆ 11 ದಿನ ಹಿಂದೆ ಬೀಳುತ್ತದೆ. ನಾವು ಅಧಿಕಮಾಸ ಸೇರಿಸಿ ಸರಿದೂಗಿಸುತ್ತೇವೆ. ಅವರಲ್ಲೂ ಅಧಿಕಮಾಸ ಇದೆ, ನಿಯಮ ಬೇರೆ: 19 ವರ್ಷದಲ್ಲಿ 7 ಸಲ, ಯಾವಾಗಲೂ ವಸಂತಕ್ಕೆ ಮುಂಚಿನ ಅದಾರ್ ತಿಂಗಳ ಜೊತೆಗೇ.

ಹೀಗಾಗಿ ಸಾಮಾನ್ಯ ವರ್ಷ 353ರಿಂದ 355 ದಿನ, ಅಧಿಕ ವರ್ಷ 383ರಿಂದ 385 ದಿನ. ಸಾಮಾನ್ಯ ವರ್ಷದಲ್ಲಿ 50 ಅಥವಾ 51 ಶನಿವಾರ ಸಿಗುತ್ತವೆ. ಅಧಿಕ ವರ್ಷದಲ್ಲಿ 54 ಅಥವಾ 55. ಕೊನೆಯ ಪರಾಶಾ ಹಬ್ಬದ ದಿನಕ್ಕೆ ಮೀಸಲಾದ್ದರಿಂದ ಶನಿವಾರಗಳಿಗೆ ಉಳಿಯುವುದು 53. ಐಗುಪ್ತದಿಂದ ಬಿಡುಗಡೆಯಾದುದನ್ನು ನೆನೆಯುವ ಪಸ್ಕದಂತಹ ಹಬ್ಬ ಶನಿವಾರ ಬಿದ್ದರೆ ಆ ದಿನ ಹಬ್ಬದ ಪಾಠ, ವಾರದ ಪಾಠ ಮುಂದಕ್ಕೆ ಹೋಗುತ್ತದೆ. ಪಾಠ ಹೆಚ್ಚು, ಶನಿವಾರ ಕಡಿಮೆ ಎಂದಾದಾಗ ಎರಡನ್ನು ಕೂಡಿಸಿ ಓದಲೇಬೇಕು. ಹಾಗೆ ಕೂಡಿಸಬಹುದಾದ ಜೋಡಿಗಳು ಏಳು, ಮತ್ತೋತ್–ಮಸೇ ಅವುಗಳಲ್ಲಿ ಒಂದು.

ಯಾವ ವರ್ಷ ಯಾವ ಜೋಡಿ ಎಂಬುದೂ ಮನಬಂದಂತೆ ನಡೆಯುವುದಿಲ್ಲ. ಸುತ್ತಿನಲ್ಲಿ ಕೆಲವು ಗೂಟ ಹೊಡೆದಿಟ್ಟ ಜಾಗಗಳಿವೆ. ಯೆರೂಸಲೇಮಿನ ದೇವಾಲಯ ನಾಶವಾದ ನೆನಪಿನ ಉಪವಾಸದ ದಿನ, ಆವ್ ತಿಂಗಳ ಒಂಬತ್ತು. ಅದಕ್ಕೆ ಮುಂಚಿನ ಶನಿವಾರ ಧರ್ಮೋಪದೇಶಕಾಂಡದ ಮೊದಲ ಪರಾಶಾ ಬರಬೇಕು. ಅಂದರೆ ಅಷ್ಟರೊಳಗೆ ಅರಣ್ಯಕಾಂಡ ಮುಗಿದಿರಬೇಕು. ಗೂಟಕ್ಕೆ ಹತ್ತಿರದ ಕೊನೆಯ ಜೋಡಿ ಇದೇ ಆದ್ದರಿಂದ ಹೆಚ್ಚಿನ ವರ್ಷ ಎರಡೂ ಕೂಡಿಯೇ ಬರುತ್ತವೆ. ಇಸ್ರೇಲಿನ ಹೊರಗೆ ಇವು ಬೇರೆಬೇರೆಯಾಗುವುದು ಅಧಿಕ ವರ್ಷವೂ ಆಗಿ, ಆ ವರ್ಷದ ಮೊದಲ ದಿನ ಗುರುವಾರವೂ ಆದಾಗ ಮಾತ್ರ. 2005, 2008, 2014ರಲ್ಲಿ ಹಾಗಾಗಿತ್ತು.

ಇನ್ನೊಂದು ತೊಡಕಿದೆ. ಇಸ್ರೇಲಿನಲ್ಲಿ ಪಸ್ಕ ಏಳು ದಿನ, ಹೊರಗೆ ಸಂಪ್ರದಾಯಸ್ಥರಿಗೆ ಎಂಟು ದಿನ. ಎಂಟನೆಯ ದಿನ ಶನಿವಾರ ಬಿದ್ದರೆ ಇಸ್ರೇಲಿನವರು ವಾರದ ಪಾಠಕ್ಕೆ ಮುಂದೆ ಹೋಗುತ್ತಾರೆ, ಹೊರಗಿನವರು ಹಬ್ಬದ ಪಾಠ ಓದಿ ಒಂದು ವಾರ ಹಿಂದೆ ಉಳಿಯುತ್ತಾರೆ. 2016, 2019, 2022ರಲ್ಲಿ ಈ ಅಂತರ ಸುಮಾರು ಮೂರು ತಿಂಗಳು ನಡೆಯಿತು. ಇಸ್ರೇಲಿನವರು ಮತ್ತೋತ್ ಮತ್ತು ಮಸೇಯನ್ನು ಎರಡು ವಾರ ಓದಿದರು, ಹೊರಗಿನವರು ಒಂದೇ ವಾರಕ್ಕೆ ಕೂಡಿಸಿ ಓದಿ ಅವರನ್ನು ಸೇರಿಕೊಂಡರು. ಅಂತಹ ವರ್ಷದಲ್ಲಿ ನಡುವೆ ಪ್ರಯಾಣ ಮಾಡಿದವರಿಗೆ ಒಂದು ಪಾಠ ತಪ್ಪುತ್ತದೆ ಅಥವಾ ಒಂದನ್ನು ಎರಡು ಸಲ ಕೇಳಬೇಕಾಗುತ್ತದೆ.

## ಸುರುಳಿಯಿಂದ ಓದುವ ಬಗೆ

ವಾರದ ವಿಶ್ರಾಂತಿಯ ದಿನವಾದ ಸಬ್ಬತ್ತು ಶುಕ್ರವಾರ ಸೂರ್ಯಾಸ್ತಕ್ಕೆ ಶುರುವಾಗಿ ಶನಿವಾರ ರಾತ್ರಿ ಮುಗಿಯುತ್ತದೆ. ಶನಿವಾರ ಬೆಳಗಿನ ಪ್ರಾರ್ಥನೆಯಲ್ಲಿ ಪೂರ್ತಿ ಪಾಠ. ಓದಲು ಕನಿಷ್ಠ ಹತ್ತು ವಯಸ್ಕರು ಸೇರಿರಬೇಕು. ಸಂಪ್ರದಾಯಸ್ಥ ಸಭೆಗಳಲ್ಲಿ ಗಂಡಸರನ್ನು ಮಾತ್ರ ಎಣಿಸುತ್ತಾರೆ, ಉದಾರವಾದಿ ಸಭೆಗಳಲ್ಲಿ ಹೆಂಗಸರನ್ನೂ.

ಓದುವುದು ಮುದ್ರಿತ ಪುಸ್ತಕದಿಂದಲ್ಲ, ಕೈಯಲ್ಲಿ ಬರೆದ ಚರ್ಮದ ಸುರುಳಿಯಿಂದ. ಅದರಲ್ಲಿ 3,04,805 ಅಕ್ಷರಗಳಿವೆ. ಲಿಪಿಕಾರನಿಗೆ ಬರೆಯಲು ಸುಮಾರು ಒಂದು ವರ್ಷ ಬೇಕು. ಸ್ವರಚಿಹ್ನೆ ಇಲ್ಲ, ವಿರಾಮಚಿಹ್ನೆ ಇಲ್ಲ, ರಾಗದ ಗುರುತೂ ಇಲ್ಲ, ಬರೀ ವ್ಯಂಜನಗಳು. ಕಾಗುಣಿತ ತೆಗೆದು ‘ಕ–ಲ’ ಎಂದಷ್ಟೇ ಬರೆದರೆ ಅದು ಕಾಲವೋ, ಕುಲವೋ, ಕಲೆಯೋ, ಕೊಲೆಯೋ, ಕೋಲೋ ಎಂದು ಸಂದರ್ಭ ನೋಡಿ ತಿಳಿಯಬೇಕಲ್ಲ, ಹಾಗೆ. ಮತ್ತೋತ್‌ನ ಮೊದಲ ವಿಷಯವನ್ನೇ ತೆಗೆದುಕೊಳ್ಳಿ: ‘ನ–ದ–ರ’ ಎಂಬ ಮೂರು ಅಕ್ಷರ ‘ನೇದೆರ್’ ಆದರೆ ಹರಕೆ, ‘ನಾದರ್’ ಆದರೆ ಹರಕೆ ಹೊತ್ತನು. ಆದ್ದರಿಂದ ಓದುವವನು ಸ್ವರ ಮತ್ತು ರಾಗ ಎರಡನ್ನೂ ಮುದ್ರಿತ ಪ್ರತಿಯಿಂದ ಮೊದಲೇ ಬಾಯಿಪಾಠ ಮಾಡಿಕೊಂಡು ಬರುತ್ತಾನೆ. ಬೆರಳು ತಾಗಿಸುವಂತಿಲ್ಲ, ತುದಿಯಲ್ಲಿ ಪುಟ್ಟ ಕೈಯಿರುವ ಕಡ್ಡಿಯಿಂದ ಸಾಲು ತೋರಿಸಿಕೊಂಡು ಹಾಡುತ್ತಾನೆ.

ಪಾಠವನ್ನು ಏಳು ತುಂಡು ಮಾಡಿ, ಒಂದೊಂದಕ್ಕೂ ಸಭೆಯಿಂದ ಒಬ್ಬರನ್ನು ವೇದಿಕೆಗೆ ಕರೆಯುತ್ತಾರೆ. ಈ ಕರೆಗೆ ‘ಅಲಿಯಾ’ ಎನ್ನುತ್ತಾರೆ, ಅಂದರೆ ಏರುವುದು. ಸಂಪ್ರದಾಯದಂತೆ ಮೊದಲು ಯಾಜಕ ವಂಶದವರು, ಎರಡನೆಯವರು ದೇವಾಲಯದ ಸೇವೆಗೆ ಮೀಸಲಾಗಿದ್ದ ಲೇವಿ ವಂಶದವರು, ಉಳಿದ ಐದು ಮಿಕ್ಕವರಿಗೆ. ಕರೆಸಿಕೊಂಡವರು ಓದಿಗೆ ಮುಂಚೆ, ಆಮೇಲೆ ಸ್ತೋತ್ರ ಹೇಳುತ್ತಾರೆ. ಒಂದು ಅಲಿಯಾಕ್ಕೆ ಮೂರು ವಚನಕ್ಕಿಂತ ಕಡಿಮೆ ಇರಬಾರದು.

ಎರಡು ಪರಾಶಾ ಕೂಡಿದಾಗಲೂ ಅಲಿಯಾ ಏಳೇ, ತುಂಡುಗಳು ಮಾತ್ರ ಉದ್ದವಾಗುತ್ತವೆ. ಮತ್ತೋತ್ 112 ವಚನ, ಮಸೇ 132, ಒಟ್ಟು 244. ವರ್ಷದ ಅತಿ ಉದ್ದದ ವಾರದ ಪಾಠ ಇದೇ. ಅತಿ ಚಿಕ್ಕ ಪರಾಶಾದಲ್ಲಿ 30 ವಚನ ಮಾತ್ರ ಎಂಬುದರೊಂದಿಗೆ ಹೋಲಿಸಿದರೆ ಓದುವವನ ಶ್ರಮ ಅಂದಾಜಾಗುತ್ತದೆ. ನಾಲ್ಕನೆಯ ಅಲಿಯಾ ಒಂದು ಪರಾಶಾದ ಕೊನೆಯನ್ನೂ ಇನ್ನೊಂದರ ಆರಂಭವನ್ನೂ ಹೊಲಿಗೆಯಂತೆ ಸೇರಿಸುತ್ತದೆ. ಇಲ್ಲಿ ಅದು 32:20ರಿಂದ 33:49ರವರೆಗೆ, ಒಂದೇ ಉಸಿರಿಗೆ 72 ವಚನ. ಪ್ರಯಾಣದ ಪಟ್ಟಿಯನ್ನು ನಡುವೆ ಕತ್ತರಿಸಬಾರದು ಎಂಬ ರೂಢಿ ಇರುವುದರಿಂದ ಇಷ್ಟು ಉದ್ದ.

## ತಪ್ಪಾದರೆ ಏನು ಮಾಡುತ್ತಾರೆ

ಓದುವವನ ಅಕ್ಕಪಕ್ಕ ನಿಂತವರು ಮುದ್ರಿತ ಪ್ರತಿ ನೋಡುತ್ತಿರುತ್ತಾರೆ. ಅರ್ಥ ಕೆಡುವ ತಪ್ಪಾದರೆ ತಕ್ಷಣ ತಿದ್ದುತ್ತಾರೆ, ಅವನು ಹಿಂದೆ ಹೋಗಿ ಮತ್ತೆ ಓದಬೇಕು. ರಾಗ ಮಾತ್ರ ತಪ್ಪಿ ಅರ್ಥ ಉಳಿದಿದ್ದರೆ ಹಿಂದೆ ಹೋಗುವ ಅಗತ್ಯವಿಲ್ಲ.

ಸುರುಳಿಯಲ್ಲೇ ದೋಷ ಕಂಡರೆ ಸಂಗತಿ ಗಂಭೀರ. ಒಂದು ಅಕ್ಷರ ಒಡೆದಿದ್ದರೂ, ಎರಡು ಅಕ್ಷರ ಅಂಟಿಕೊಂಡಿದ್ದರೂ ಇಡೀ ಸುರುಳಿ ಓದಿಗೆ ಅನರ್ಹ. ಅದನ್ನು ಮುಚ್ಚಿಟ್ಟು, ಇನ್ನೊಂದನ್ನು ತಂದು ಓದು ಮುಂದುವರಿಸುತ್ತಾರೆ. ದೋಷವಿದ್ದದ್ದರ ಹೊದಿಕೆಯ ಹೊರಗೆ ಪಟ್ಟಿ ಕಟ್ಟಿಡುವ ರೂಢಿಯಿದೆ. ಯಾರೂ ಮರೆತು ಮತ್ತೆ ತೆಗೆಯದಿರಲಿ ಎಂದು. ಹೀಬ್ರೂವಿನ ‘ದಾಲೆತ್’ ಮತ್ತು ‘ರೇಶ್’ ನಡುವೆ ಒಂದು ಮೂಲೆಯಷ್ಟೇ ವ್ಯತ್ಯಾಸ, ನಮ್ಮ ‘ದ’ ಮತ್ತು ‘ಧ’ ನಡುವೆ ಕೆಳಗಿನ ಸೀಳೊಂದೇ ಇರುವಂತೆ. ಮಸಿ ಅಳಿಸಿ ಯಾವ ಅಕ್ಷರ ಎಂದು ಸಂದೇಹ ಬಂದರೆ ಪಂಡಿತರನ್ನು ಕೇಳುವುದಿಲ್ಲ, ಒಂದು ಮಗುವನ್ನು ಕರೆದು ತೋರಿಸುತ್ತಾರೆ. ಅಕ್ಷರ ಬಲ್ಲ ಮಗು ಬೇಕು, ಆದರೆ ವಾಕ್ಯದ ಅರ್ಥ ಹಿಡಿದು ಊಹಿಸುವಷ್ಟು ಜಾಣ ಮಗು ಬೇಡ. ಅದು ಕಣ್ಣಿಗೆ ಕಂಡದ್ದನ್ನೇ ಹೇಳುತ್ತದೆ. ಇಷ್ಟು ಕಟ್ಟುನಿಟ್ಟಿನ ನಡುವೆ ಒಂದು ವಿನಾಯಿತಿ ಇದೆ: ಮತ್ತೋತ್‌ಗೆ ಮುಂಚಿನ ಪರಾಶಾದಲ್ಲಿ, 25:12ರಲ್ಲಿ, ‘ಶಾಲೋಮ್’ ಅಂದರೆ ಶಾಂತಿ ಎಂಬ ಪದದ ಒಂದು ಅಕ್ಷರವನ್ನು ಬೇಕೆಂದೇ ಒಡೆದು ಬರೆಯುತ್ತಾರೆ.

## ಮತ್ತೋತ್: ಹರಕೆ, ಯುದ್ಧ, ಷರತ್ತು

ಆರಂಭ ಹರಕೆಯ ನಿಯಮದಿಂದ. ದೇವರಿಗೆ ಹರಕೆ ಹೊತ್ತವನು, ಆಣೆಯಿಟ್ಟವನು ಮಾತು ತಪ್ಪಬಾರದು. ಮನೆಯಲ್ಲಿರುವ ಮಗಳ ಹರಕೆಯನ್ನು ತಂದೆ, ಹೆಂಡತಿಯದನ್ನು ಗಂಡ ರದ್ದುಮಾಡಬಹುದು, ಆದರೆ ಕೇಳಿಸಿಕೊಂಡ ದಿನವೇ ಮಾಡಬೇಕು; ಸುಮ್ಮನಿದ್ದರೆ ಒಪ್ಪಿದಂತೆ. ವಿಧವೆಯ ಮತ್ತು ವಿಚ್ಛೇದಿತೆಯ ಮಾತಿಗೆ ಅವರೇ ಹೊಣೆ. ಆಚರಣೆ ಪಾಲಿಸುವ ಯೆಹೂದ್ಯರು ಇಂದಿಗೂ ‘ನಾಳೆ ಬರುತ್ತೇನೆ’ ಎನ್ನುವಾಗ ‘ಬ್ಲಿ ನೇದೆರ್’, ಅಂದರೆ ‘ಹರಕೆಯಲ್ಲ’, ಎಂದು ಸೇರಿಸುತ್ತಾರೆ. ಹೊಸ ವರ್ಷಕ್ಕೆ ಮುಂಚೆ ಮೂವರ ಮುಂದೆ ನಿಂತು, ಮರೆತುಹೋದ ಹರಕೆಗಳಿಂದ ಬಿಡುಗಡೆ ಕೇಳುವ ವಿಧಿಯೂ ಇದೆ.

31ನೇ ಅಧ್ಯಾಯ ಮಿದ್ಯಾನರು ಎಂಬ ನೆರೆಯ ಜನಾಂಗದ ಮೇಲಿನ ಯುದ್ಧ. ಇದು ಕಷ್ಟದ ಪಾಠ. ಗಂಡುಮಕ್ಕಳನ್ನೂ ಪುರುಷಸಂಗವಿದ್ದ ಹೆಂಗಸರನ್ನೂ ಕೊಲ್ಲಲು ಮೋಶೆ ಆಜ್ಞಾಪಿಸುತ್ತಾನೆ. ಚಿಕ್ಕ ಹುಡುಗಿಯರನ್ನು ಉಳಿಸಿಕೊಳ್ಳುತ್ತಾರೆ. ವಾರ್ಷಿಕ ಸುತ್ತಿನಲ್ಲಿ ಇಷ್ಟವಿಲ್ಲದ ಅಧ್ಯಾಯ ಬಿಟ್ಟು ಮುಂದೆ ಹೋಗುವ ಅನುಕೂಲವಿಲ್ಲ. ಓದಲೇಬೇಕು, ಓದಿದ ಮೇಲೆ ಚರ್ಚೆಯೂ ಬರಲೇಬೇಕು. ಆಜ್ಞೆಯಿಂದ ನಡೆದ ಯುದ್ಧವಾದರೂ ಕೊಂದವರು, ಹೆಣ ಮುಟ್ಟಿದವರು ಏಳು ದಿನ ಪಾಳೆಯದ ಹೊರಗಿದ್ದು ಶುದ್ಧಿಮಾಡಿಕೊಳ್ಳಬೇಕಾಯಿತು ಎಂಬುದೂ ಅದೇ ಅಧ್ಯಾಯದಲ್ಲಿದೆ.

ಕೊಳ್ಳೆಯ ಲೆಕ್ಕ ಬಿಡಿಬಿಡಿಯಾಗಿದೆ. 6,75,000 ಕುರಿಗಳಲ್ಲಿ ಅರ್ಧ ಯೋಧರಿಗೆ, ಅರ್ಧ ಉಳಿದ ಜನಕ್ಕೆ. ಯೋಧರು ಐನೂರಕ್ಕೆ ಒಂದರಂತೆ 675 ಕುರಿ ಯಾಜಕರಿಗೆ ಕೊಟ್ಟರು. ಹೋರಾಡದವರ ಪಾಲಿನಿಂದ ಐವತ್ತಕ್ಕೆ ಒಂದು ಲೇವಿಯರಿಗೆ. ಪ್ರಾಣ ಪಣಕ್ಕಿಟ್ಟವರಿಗೆ ಉಳಿದವರ ತೆರಿಗೆಯ ಹತ್ತನೇ ಒಂದರಷ್ಟು ಮಾತ್ರ ಎಂದು ಇದನ್ನು ತಿಳಿಯಬಹುದು.

ಈ ಅಧ್ಯಾಯದಿಂದ ದಿನದ ಅಡುಗೆಮನೆಗೆ ಬಂದದ್ದು ಪಾತ್ರೆಯ ನಿಯಮ. ಚಿನ್ನ, ಬೆಳ್ಳಿ, ತಾಮ್ರ, ಕಬ್ಬಿಣ, ತವರ, ಸೀಸ ಎಂಬ ಆರು ಲೋಹ ಹೆಸರಿಸಿ, ಬೆಂಕಿ ತಾಳುವುದನ್ನು ಬೆಂಕಿಯಲ್ಲಿ, ತಾಳದ್ದನ್ನು ನೀರಿನಲ್ಲಿ ಶುದ್ಧಮಾಡಿ ಎನ್ನುತ್ತದೆ. ಯೆಹೂದಿ ಧರ್ಮಪಂಡಿತರಾದ ರಬ್ಬಿಗಳು ಇದನ್ನು ಒಂದು ಸೂತ್ರವಾಗಿ ಬೆಳೆಸಿದರು: ಪಾತ್ರೆ ಹೇಗೆ ಹೀರಿತೋ ಹಾಗೇ ಹೊರಹಾಕುತ್ತದೆ. ಕುದಿಸಲು ಬಳಸಿದ ಲೋಹದ ಪಾತ್ರೆಯನ್ನು ಹುಳಿಹಿಟ್ಟಿನ ತಿನಿಸು ನಿಷಿದ್ಧವಾದ ಪಸ್ಕಕ್ಕೆ ಸಿದ್ಧಮಾಡಬೇಕಾದರೆ ಚೆನ್ನಾಗಿ ಉಜ್ಜಿ, 24 ಗಂಟೆ ಬಳಸದೆ ಇಟ್ಟು, ಕೊತಕೊತ ಕುದಿಯುವ ನೀರಿನಲ್ಲಿ ಪೂರ್ತಿ ಮುಳುಗಿಸಿ, ತಣ್ಣೀರಿನಲ್ಲಿ ತೊಳೆಯುತ್ತಾರೆ. ನೇರ ಬೆಂಕಿಯಲ್ಲಿ ಸುಡಲು ಬಳಸಿದ ಸರಳನ್ನು ಕೆಂಪಗೆ ಕಾಯಿಸಬೇಕು, ನೀರು ಸಾಲದು. ಮಣ್ಣಿನ ಮಡಕೆಗೆ ಈ ದಾರಿಯಿಲ್ಲ, ಹೀರಿದ್ದನ್ನು ಅದು ಬಿಡುವುದಿಲ್ಲ ಎಂಬ ಲೆಕ್ಕ. ಸಾಮಾನ್ಯವಾಗಿ ಆಗುವ ತಪ್ಪೆಂದರೆ ಹಿಡಿಯ ಸಂದಿಯಲ್ಲಿ ಜಿಡ್ಡು ಉಳಿಯುವುದು. ಹಾಗಾದರೆ ಎಷ್ಟು ಕುದಿಸಿದರೂ ಲೆಕ್ಕಕ್ಕಿಲ್ಲ.

32ನೇ ಅಧ್ಯಾಯದಲ್ಲಿ ಇಸ್ರಾಯೇಲ್ಯರ ಹನ್ನೆರಡು ಕುಲಗಳಲ್ಲಿ ಎರಡಾದ ರೂಬೇನ್ ಮತ್ತು ಗಾದ್ ಕುಲದವರು ಬಂದು, ನಮಗೆ ದನಕುರಿ ಬಹಳ, ಹುಲ್ಲುಗಾವಲಿರುವ ಯೊರ್ದನ್ ನದಿಯ ಪೂರ್ವದಂಡೆಯನ್ನೇ ಕೊಡಿ ಎನ್ನುತ್ತಾರೆ. ನಿಮ್ಮ ಅಣ್ಣತಮ್ಮಂದಿರು ಯುದ್ಧಕ್ಕೆ ಹೋಗಲಿ, ನೀವು ಇಲ್ಲೇ ಕೂತಿರುತ್ತೀರಾ ಎಂದು ಮೋಶೆ ಸಿಟ್ಟಾಗುತ್ತಾನೆ. ಆಗ ಅವರು, ಕುರಿಗಳಿಗೆ ದೊಡ್ಡಿ, ಮಕ್ಕಳಿಗೆ ಊರು ಕಟ್ಟಿ ನಾವೇ ಮುಂದೆ ಹೋಗುತ್ತೇವೆ ಎನ್ನುತ್ತಾರೆ. ಮೋಶೆ ಒಪ್ಪುತ್ತಾನೆ, ಮಾತಿನ ಕ್ರಮ ಮಾತ್ರ ತಿರುಗಿಸುತ್ತಾನೆ: ಮಕ್ಕಳಿಗೆ ಊರು, ಕುರಿಗಳಿಗೆ ದೊಡ್ಡಿ. ಹಳೆಯ ವ್ಯಾಖ್ಯಾನಕಾರರು ಈ ಅದಲುಬದಲನ್ನು ಗಮನಿಸದೆ ಬಿಟ್ಟಿಲ್ಲ. ಒಪ್ಪಂದವನ್ನು ಅವನು ಎರಡೂ ಕಡೆಯಿಂದ ಹೇಳುತ್ತಾನೆ: ನದಿ ದಾಟಿ ಹೋರಾಡಿದರೆ ಈ ಭೂಮಿ ನಿಮ್ಮದು, ದಾಟದಿದ್ದರೆ ಅಲ್ಲ. ಯೆಹೂದಿ ಕಾನೂನಿನಲ್ಲಿ ಷರತ್ತನ್ನು ‘ಆದರೆ’, ‘ಆಗದಿದ್ದರೆ’ ಎಂದು ಎರಡು ಬಗೆಯಲ್ಲೂ ಹೇಳಬೇಕು ಎಂಬ ವಾದಕ್ಕೆ ರಬ್ಬಿಗಳ ಹಳೆಯ ಕಾನೂನು ಸಂಗ್ರಹವಾದ ಮಿಶ್ನಾ ಈ ಪ್ರಸಂಗವನ್ನೇ ಆಧಾರ ಕೊಡುತ್ತದೆ.

ಇದೇ ಅಧ್ಯಾಯದಲ್ಲಿ ‘ಅತಾರೋತ್, ದಿಬೋನ್’ ಎಂದು ಶುರುವಾಗುವ ಊರುಗಳ ಪಟ್ಟಿ ಇದೆ. ವಾರದ ಪಾಠವನ್ನು ಮನೆಯಲ್ಲಿ ಮೂಲದಲ್ಲಿ ಎರಡು ಸಲ, ಅರಮಾಯಿಕ್ ಅನುವಾದದಲ್ಲಿ ಒಂದು ಸಲ ಓದಬೇಕೆಂದು ಮಿಶ್ನಾದ ಮೇಲಿನ ಚರ್ಚೆಗಳ ಗ್ರಂಥವಾದ ತಾಲ್ಮುದ್ ಹೇಳುತ್ತದೆ. ‘ಅತಾರೋತ್, ದಿಬೋನ್ ಕೂಡ’ ಎಂದು ಒತ್ತಿಹೇಳಿದೆ. ಬರೀ ಊರಿನ ಹೆಸರಲ್ಲವೇ ಎಂದು ಹಾರಿಸುವಂತಿಲ್ಲ.

## ಮಸೇ: 42 ತಂಗುದಾಣಗಳು

ಐಗುಪ್ತದ ರಾಮ್ಸೇಸ್‌ನಿಂದ ಯೆರಿಕೋ ಎದುರಿನ ಮೋವಾಬ್ ಬಯಲಿನವರೆಗೆ 42 ಜಾಗಗಳ ಹೆಸರು. ‘ಅಲ್ಲಿಂದ ಹೊರಟು ಇಲ್ಲಿ ಇಳಿದುಕೊಂಡರು’ ಎಂಬ ಒಂದೇ ಅಚ್ಚಿನ ವಾಕ್ಯ ಮತ್ತೆ ಮತ್ತೆ ಬರುತ್ತದೆ. ಕೆಲವು ಸಭೆಗಳಲ್ಲಿ ಇದಕ್ಕೆ ವಿಶೇಷ ರಾಗವುಂಟು. ನಲವತ್ತು ವರ್ಷ ಸುಮ್ಮನೆ ಅಲೆದಾಡಿಸಿದರು ಎನಿಸಬಹುದು. 11ನೇ ಶತಮಾನದ ವ್ಯಾಖ್ಯಾನಕಾರ ರಾಶಿ ಲೆಕ್ಕ ಹಾಕಿ ತೋರಿಸುತ್ತಾನೆ: 14 ತಂಗುದಾಣ ಮೊದಲ ವರ್ಷದವು, 8 ಕೊನೆಯ ವರ್ಷದವು. ನಡುವಿನ 38 ವರ್ಷದಲ್ಲಿ ಎದ್ದು ಹೊರಟದ್ದು 20 ಸಲ ಮಾತ್ರ.

ಪಟ್ಟಿಯ ನಡುವೆ ಮೋಶೆಯ ಅಣ್ಣ ಆರೋನ್ 123ನೇ ವಯಸ್ಸಿನಲ್ಲಿ ಹೋರ್ ಬೆಟ್ಟದ ಮೇಲೆ ತೀರಿಕೊಂಡ ಸುದ್ದಿ ಬರುತ್ತದೆ, ಐದನೇ ತಿಂಗಳ ಮೊದಲ ದಿನ ಎಂದು ತಿಥಿ ಸಮೇತ. ತೋರಾದಲ್ಲಿ ಇನ್ನಾರ ಸಾವಿಗೂ ತಿಥಿ ಕೊಟ್ಟಿಲ್ಲ. ಆ ತಿಂಗಳು ಆವ್. ಈ ಪಾಠ ಓದುವ ವಾರವೂ ಆ ತಿಥಿಯ ಆಸುಪಾಸಿನಲ್ಲೇ ಬರುತ್ತದೆ.

## ಆಶ್ರಯನಗರ: ಕೊಲೆಗೂ ಕೈತಪ್ಪಿಗೂ ನಡುವಿನ ಗೆರೆ

ಇಡೀ ಪಾಠದಲ್ಲಿ ನಿಧಾನವಾಗಿ ಓದಬೇಕಾದ ಭಾಗ 35ನೇ ಅಧ್ಯಾಯ. ಪೊಲೀಸರಿಲ್ಲದ ಕಾಲ. ಯಾರಾದರೂ ಸತ್ತರೆ ಅವನ ಹತ್ತಿರದ ನೆಂಟನೇ ಸೇಡು ತೀರಿಸಬೇಕು ಎಂಬುದು ರೂಢಿ. ಬೇಕೆಂದು ಕೊಂದವನಿಗೂ, ಕೈಜಾರಿ ಸಾವಿಗೆ ಕಾರಣನಾದವನಿಗೂ ಸೇಡು ವ್ಯತ್ಯಾಸ ಎಣಿಸುವುದಿಲ್ಲ. ತೋರಾ ಇಲ್ಲಿ ನಡುವೆ ಒಂದು ಗೋಡೆ ಕಟ್ಟುತ್ತದೆ. ಭೂಮಿಯ ಪಾಲಿಲ್ಲದ ಲೇವಿಯರಿಗೆ ಕೊಟ್ಟ 48 ಊರುಗಳಲ್ಲಿ ಆರು ಆಶ್ರಯನಗರಗಳು, ಯೊರ್ದನಿನ ಪೂರ್ವಕ್ಕೆ ಮೂರು, ಪಶ್ಚಿಮಕ್ಕೆ ಮೂರು. ಪೂರ್ವದಲ್ಲಿ ಬೆಚೆರ್, ರಾಮೋತ್ ಗಿಲ್ಯಾದ್, ಗೋಲಾನ್. ಪಶ್ಚಿಮದಲ್ಲಿ ಕೆದೆಷ್, ಶೆಕೆಮ್, ಹೆಬ್ರೋನ್. ಸುದ್ದಿಯಲ್ಲಿ ಕೇಳುವ ಗೋಲನ್ ಪ್ರಸ್ಥಭೂಮಿಗೆ ಹೆಸರು ಬಂದದ್ದು ಆ ಗೋಲಾನ್ ಊರಿನಿಂದ. ಶೆಕೆಮ್ ಇಂದಿನ ನಾಬ್ಲಸ್ ಬಳಿ ಇತ್ತು.

ಓಡಿಬಂದವನಿಗೆ ತಕ್ಷಣ ರಕ್ಷಣೆ ಸಿಗುತ್ತದೆ, ಆದರೆ ವಿಚಾರಣೆ ತಪ್ಪುವುದಿಲ್ಲ. ಹಳೆಯ ಹಗೆ ಇತ್ತೇ? ಕಬ್ಬಿಣದ ಆಯುಧವೋ, ಸಾಯಿಸಬಲ್ಲ ಕಲ್ಲೋ ಕೈಯಲ್ಲಿತ್ತೇ? ಹೊಂಚುಹಾಕಿದ್ದನೇ? ಹೌದಾದರೆ ಕೊಲೆ, ಊರು ಅವನನ್ನು ಉಳಿಸುವುದಿಲ್ಲ. ಒಬ್ಬನೇ ಸಾಕ್ಷಿಯಿದ್ದರೆ ಮರಣದಂಡನೆ ಇಲ್ಲ. ಹಣ ಕೊಟ್ಟು ಕೊಲೆಗಾರ ಬಿಡಿಸಿಕೊಳ್ಳುವಂತಿಲ್ಲ. ಕೈತಪ್ಪಿ ಕೊಂದವನೂ ದುಡ್ಡು ಕಟ್ಟಿ ಬೇಗ ಮನೆಗೆ ಹೋಗುವಂತಿಲ್ಲ. ಸಿರಿವಂತನಿಗೂ ಬಡವನಿಗೂ ಒಂದೇ ಬೆಲೆ ಎಂಬುದು ಇದರ ತಾತ್ಪರ್ಯ.

ಮಿಶ್ನಾದ ‘ಮಕ್ಕೋತ್’ ಭಾಗ ಗೆರೆಯನ್ನು ಇನ್ನೂ ಸೂಕ್ಷ್ಮವಾಗಿ ಎಳೆಯುತ್ತದೆ. ಪೀಪಾಯಿಯನ್ನು ಹಗ್ಗದಿಂದ ಕೆಳಗಿಳಿಸುವಾಗ ಅದು ಬಿದ್ದು ಯಾರೋ ಸತ್ತರೆ ಆಶ್ರಯನಗರಕ್ಕೆ ಹೋಗಬೇಕು. ಮೇಲಕ್ಕೆಳೆಯುವಾಗ ಹಗ್ಗ ಕಿತ್ತು ಬಿದ್ದರೆ ಹೋಗಬೇಕಿಲ್ಲ. ಇಳಿಸುವುದು ಬೀಳುವ ದಿಕ್ಕಿನಲ್ಲೇ ಮಾಡುವ ಕೆಲಸ, ಹೆಚ್ಚು ಎಚ್ಚರ ಇರಬೇಕಿತ್ತು. ಈ ವ್ಯತ್ಯಾಸವನ್ನು ಹೀಗೆ ಅರ್ಥಮಾಡಿಕೊಳ್ಳಬಹುದು. ಈ ನಗರಗಳ ದಾರಿ 32 ಮೊಳ, ಅಂದರೆ ಸುಮಾರು 15 ಮೀಟರ್, ಅಗಲವಿರಬೇಕು, ಕವಲುದಾರಿಯಲ್ಲಿ ‘ಆಶ್ರಯ’ ಎಂಬ ಫಲಕ ಇರಬೇಕು ಎನ್ನುತ್ತಾರೆ ರಬ್ಬಿಗಳು. ಬೆನ್ನಟ್ಟಿಸಿಕೊಂಡವನು ದಾರಿ ಕೇಳುತ್ತಾ ನಿಲ್ಲಬಾರದಲ್ಲ.

ಅಲ್ಲಿ ಎಷ್ಟು ದಿನ? ಆಗಿನ ಮಹಾಯಾಜಕ ಸಾಯುವವರೆಗೆ. ಒಂದು ವಾರವೂ ಆಗಬಹುದು, ನಲವತ್ತು ವರ್ಷವೂ ಆಗಬಹುದು. ಅದಕ್ಕೇ ಮಹಾಯಾಜಕರ ತಾಯಂದಿರು ಅಲ್ಲಿದ್ದವರಿಗೆ ಊಟ, ಬಟ್ಟೆ ಕಳಿಸುತ್ತಿದ್ದರು, ತಮ್ಮ ಮಕ್ಕಳ ಸಾವಿಗಾಗಿ ಅವರು ಪ್ರಾರ್ಥಿಸದಿರಲಿ ಎಂದು. ಇದೂ ಮಿಶ್ನಾದ ಮಾತೇ.

ಲೇವಿಯರ ಊರುಗಳ ಸುತ್ತ 2,000 ಮೊಳ ಅಳೆಯಬೇಕೆಂಬ ಮಾತು ಇದೇ ಅಧ್ಯಾಯದಲ್ಲಿದೆ. ಸಬ್ಬತ್ತಿನಂದು ಊರಿನ ಎಲ್ಲೆಯಿಂದಾಚೆ ಇಷ್ಟೇ ದೂರ ನಡೆಯಬಹುದು ಎಂಬ ಮಿತಿ, ಅಂದರೆ ಸುಮಾರು ಒಂದು ಕಿಲೋಮೀಟರ್, ಈ ಅಳತೆಯಿಂದಲೇ ಬಂದಿದೆ.

## ಐವರು ಅಕ್ಕತಂಗಿಯರು, ಒಂದು ತಿದ್ದುಪಡಿ

ಚಲ್ಪಹಾದ್ ಎಂಬವನಿಗೆ ಗಂಡುಮಕ್ಕಳಿರಲಿಲ್ಲ. ಮಹ್ಲಾ, ನೋವಾ, ಹೊಗ್ಲಾ, ಮಿಲ್ಕಾ, ತಿರ್ಚಾ ಎಂಬ ಐವರು ಹೆಣ್ಣುಮಕ್ಕಳು ತಂದೆಯ ಪಾಲು ನಮಗೆ ಬರಲಿ ಎಂದು ಕೇಳಿ ಗೆದ್ದ ಕಥೆ ಹಿಂದಿನ ಪರಾಶಾದಲ್ಲಿದೆ. ಮಸೇಯ ಕೊನೆಯಲ್ಲಿ ಅವರ ಕುಲದ ಹಿರಿಯರು ತಕರಾರು ತರುತ್ತಾರೆ: ಇವರು ಬೇರೆ ಕುಲಕ್ಕೆ ಮದುವೆಯಾದರೆ ಭೂಮಿ ಅವರ ಮಕ್ಕಳ ಮೂಲಕ ಆ ಕುಲಕ್ಕೆ ಹೋಗುತ್ತದೆ. ಮಾರಿದ ಭೂಮಿಯಾದರೆ ಐವತ್ತನೇ ವರ್ಷ ಹಿಂದಕ್ಕೆ ಬರುತ್ತದೆ, ಪಿತ್ರಾರ್ಜಿತವಾಗಿ ಹೋದದ್ದು ಬರುವುದಿಲ್ಲ. ತೀರ್ಪು: ಹಕ್ಕು ಉಳಿಯಲಿ, ಮದುವೆ ತಂದೆಯ ಕುಲದೊಳಗೆ ಆಗಲಿ. ಅವರು ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನು ಮದುವೆಯಾದರು. ಈ ನಿರ್ಬಂಧ ಆ ಪೀಳಿಗೆಗೆ ಮಾತ್ರ ಎಂದು ತಾಲ್ಮುದ್ ಓದುತ್ತದೆ. ಅದು ತೆರವಾದ ದಿನವೆಂದು ಆವ್ ತಿಂಗಳ ಹದಿನೈದನ್ನು ನೆನೆಯುತ್ತಾರೆ. ಮದುವೆಯ ವಚನದಲ್ಲಿ ಐವರ ಹೆಸರಿನ ಕ್ರಮ ಮೊದಲಿನಂತಿಲ್ಲ. ಅದಕ್ಕೆ ರಾಶಿ ಕೊಡುವ ಕಾರಣ, ಐವರೂ ಸಮಾನರು.

## ಗ್ರಂಥ ಮುಗಿದಾಗ

ಕೊನೆಯ ವಚನ ಹತ್ತಿರವಾದಂತೆ ಇಡೀ ಸಭೆ ಎದ್ದು ನಿಲ್ಲುತ್ತದೆ. ಓದು ಮುಗಿದೊಡನೆ ಎಲ್ಲರೂ ಗಟ್ಟಿಯಾಗಿ ‘ಹಜಾಕ್, ಹಜಾಕ್, ವೆನಿತ್‌ಹಜೇಕ್’ ಎನ್ನುತ್ತಾರೆ: ಗಟ್ಟಿಯಾಗು, ಗಟ್ಟಿಯಾಗು, ಒಬ್ಬರನ್ನೊಬ್ಬರು ಗಟ್ಟಿಮಾಡೋಣ. ಆಮೇಲೆ ಪ್ರವಾದಿಗಳ ಗ್ರಂಥದಿಂದ ‘ಹಫ್ತಾರಾ’ ಎಂಬ ಚಿಕ್ಕ ಓದು. ಉಪವಾಸದ ದಿನಕ್ಕೆ ಮುಂಚಿನ ಮೂರು ಶೋಕದ ವಾರಗಳಾದ್ದರಿಂದ ಅದು ಯೆರೆಮೀಯನ ಎರಡನೇ ಅಧ್ಯಾಯದ ಗದರಿಕೆ.

ಸುರುಳಿಯಲ್ಲಿ ಗ್ರಂಥಕ್ಕೂ ಗ್ರಂಥಕ್ಕೂ ನಡುವೆ ನಾಲ್ಕು ಸಾಲು ಖಾಲಿ ಬಿಟ್ಟಿರುತ್ತಾರೆ. ಅದೇ ಶನಿವಾರ ಮಧ್ಯಾಹ್ನದ ಪ್ರಾರ್ಥನೆಗೆ ಸುರುಳಿ ಮತ್ತೆ ತೆರೆಯುತ್ತದೆ. ಆಗ ಮೂವರನ್ನು ಕರೆದು ಮುಂದಿನ ವಾರದ ಪಾಠದ ಆರಂಭ ಓದುತ್ತಾರೆ. ಕಡ್ಡಿ ಆ ನಾಲ್ಕು ಸಾಲು ದಾಟಿ ಧರ್ಮೋಪದೇಶಕಾಂಡದ ಮೊದಲ ಪದದ ಮೇಲೆ ಬಂದು ನಿಲ್ಲುತ್ತದೆ.